ಒಡಲು ಸಿದ್ಧ, ಇಂಜಿನ್ ಎಲ್ಲಿ?

ಕ್ರೋಂಪೇಟೆಯಲ್ಲಿ ನಾವಿರುವ ಮನೆಯ ಮೇಲಿನ ಮಹಡಿಯಲ್ಲಿ ಒಂದು ಯುದ್ಧವಿಮಾನ ಏಳು ತಿಂಗಳು ತೂಗಾಡುತ್ತಿತ್ತು. ರೆಕ್ಕೆಯ ತುದಿಯಿಂದ ತುದಿಗೆ 2 ಮೀಟರ್‌ಗಿಂತ ಸ್ವಲ್ಪ ಹೆಚ್ಚು. ಬಾಲ್ಸಾ ಮರ, ತೆಳು ಪ್ಲೈವುಡ್, ಮೇಲೆ ಫೈಬರ್‌ಗ್ಲಾಸ್ ಹೊದಿಕೆ. ಮೂಗಿನ ಜಾಗದಲ್ಲಿ ಮಾತ್ರ ಏನೂ ಇರಲಿಲ್ಲ, ಬರೀ ಒಂದು ದುಂಡನೆಯ ತೂತು. ಅದನ್ನು ಕಟ್ಟಿದ್ದು ಶಿವಮೊಗ್ಗ ಕಡೆಯ ಒಬ್ಬ ಇಂಜಿನಿಯರಿಂಗ್ ವಿದ್ಯಾರ್ಥಿ. ಒಡಲನ್ನು ಎರಡೇ ತಿಂಗಳಲ್ಲಿ ಮುಗಿಸಿದ್ದ. ಇಂಜಿನ್‌ಗೆ ದುಡ್ಡು ಹೊಂದಿಸುವುದರಲ್ಲಿ, ಯಾವ ಇಂಜಿನ್ ಎಂದು ತೀರ್ಮಾನಿಸುವುದರಲ್ಲಿ ಉಳಿದ ಕಾಲವೆಲ್ಲ ಹೋಯಿತು.

ಅವನ ಪರಿಚಯವಾಗಿದ್ದು ಅನುವಾದದ ಮೂಲಕ. ಊರಿನ ಶಾಲೆಯ ಮಕ್ಕಳಿಗೆ ತೋರಿಸಲು ವಿಮಾನ ಕಟ್ಟುವ ವಿಧಾನವನ್ನು ಕನ್ನಡದಲ್ಲಿ ಬರೆದುಕೊಡಿ ಎಂದು ಕೇಳಿಕೊಂಡು ಬಂದಿದ್ದ. ಮೊದಲ ಪುಟದಲ್ಲೇ ಸಿಕ್ಕಿಬಿದ್ದೆ. 'ಪವರ್' ಎಂಬ ಒಂದೇ ಮಾತನ್ನು ಇಂಗ್ಲಿಷ್ ಹತ್ತು ಕಡೆ ಹತ್ತು ಅರ್ಥದಲ್ಲಿ ಬಳಸುತ್ತದೆ. ನಮ್ಮ ಪಠ್ಯಪುಸ್ತಕಗಳು ಹಾಗಲ್ಲ. ತಳ್ಳುವುದು ಬಲ, ಕೂಡಿಟ್ಟಿರುವುದು ಶಕ್ತಿ, ಎಷ್ಟು ಬೇಗ ಖರ್ಚು ಮಾಡಬಲ್ಲೆವು ಎನ್ನುವುದು ಸಾಮರ್ಥ್ಯ. ಮೂರೂ ಬೇರೆ. ವಿಮಾನಕ್ಕೆ ಮೂರೂ ಬೇಕು, ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುತ್ತದೆ.

ಅವನು ಆರಿಸಿಕೊಂಡಿದ್ದ ವಿಮಾನ ಎರಡನೇ ಮಹಾಯುದ್ಧದ ಜರ್ಮನ್ ಫೋಕ-ವುಲ್ಫ್ 190. ದೊಡ್ಡ ರೇಡಿಯೊ ನಿಯಂತ್ರಿತ ಮಾದರಿ ಕಟ್ಟುವವರಿಗೆ ಪ್ರಪಂಚದಾದ್ಯಂತ ಇಷ್ಟವಾದ ವಿಮಾನ. ಇದರ ವಿನ್ಯಾಸಕಾರ ಒಂದು ಕಾಲದಲ್ಲಿ ನಮ್ಮ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲೇ ಪಾಠ ಹೇಳುತ್ತಿದ್ದ ಎಂದಾಗ ಹುಡುಗ ನಂಬಲಿಲ್ಲ. ಆ ಕತೆಗಾಗಿಯೇ ಈ ಪ್ರಬಂಧ.

ಚರ್ಮದ ಊರು, ವಿಮಾನದ ಶಾಲೆ

ಕ್ರೋಂಪೇಟೆಯ ಹೆಸರಿನಲ್ಲಿರುವ ಕ್ರೋಂ, ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ವಿಧಾನಕ್ಕೆ ಸೇರಿದ್ದು. 1912ರಲ್ಲಿ ಇಲ್ಲಿ ಶುರುವಾದ ಕ್ರೋಂ ಲೆದರ್ ಕಂಪನಿಯಿಂದ ಊರಿಗೆ ಆ ಹೆಸರು ಬಂತು. ಮದ್ರಾಸ್ ಪ್ರಾಂತದಲ್ಲಿ ಈ ವಿಧಾನದ ಪ್ರಯೋಗಗಳನ್ನು ನಡೆಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾದರು. ಹೊರಗಿನ ವಿದ್ಯೆಯನ್ನು ತಂದು ಇಲ್ಲಿ ಊರುವ ಕೆಲಸ ಈ ಊರಿಗೆ ಹೊಸದಲ್ಲ ಎಂದು ಹೇಳಲು ಇಷ್ಟು ಸಾಕು.

1949ರಲ್ಲಿ ಸಿ. ರಾಜಂ ಎಂಬ ಉದ್ಯಮಿ ಇಲ್ಲಿ ಮದ್ರಾಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯನ್ನು ಸ್ಥಾಪಿಸಿದರು. ಅದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಜನರ ಬಾಯಲ್ಲಿ ಅದು ಎಂಐಟಿ. ಸ್ವಾತಂತ್ರ್ಯ ಬಂದು ಎರಡೇ ವರ್ಷ, ವಿಮಾನ ವಿಜ್ಞಾನ ಕಲಿಸುವ ಜಾಗಗಳು ದೇಶದಲ್ಲಿ ಬೆರಳೆಣಿಕೆಯಷ್ಟಿದ್ದವು. ಅಲ್ಲಿ ಸೇರಲು ರಾಮೇಶ್ವರದ ಹುಡುಗನೊಬ್ಬನಿಗೆ ಸುಮಾರು ಸಾವಿರ ರೂಪಾಯಿ ಬೇಕಾಯಿತು. ಅಕ್ಕ ಜೊಹರಾ ತನ್ನ ಚಿನ್ನದ ಬಳೆ, ಸರ ಅಡವಿಟ್ಟು ಕೊಟ್ಟಳು. ಆ ಹುಡುಗ ಎ.ಪಿ.ಜೆ. ಅಬ್ದುಲ್ ಕಲಾಂ.

ಕಲಾಂ ತಮ್ಮ ಆತ್ಮಕಥೆಯಲ್ಲಿ ನೆನೆಯುವ ಅಧ್ಯಾಪಕರ ಪಟ್ಟಿಯನ್ನು ನಿಧಾನವಾಗಿ ಓದಬೇಕು. ವಾಯುಗತಿ ವಿಜ್ಞಾನ ಕಲಿಸಿದ ಪ್ರೊ. ಸ್ಪಾಂಡರ್ ಆಸ್ಟ್ರಿಯಾದವರು, ನಾಜಿಗಳ ಸೆರೆಶಿಬಿರದಲ್ಲಿ ಇದ್ದು ಬಂದವರು. ವಿಭಾಗದ ಮುಖ್ಯಸ್ಥ ಪ್ರೊ. ರೆಪೆಂಥಿನ್ ಜರ್ಮನ್. ಜೊತೆಗೆ ಡಾ. ಕುರ್ಟ್ ಟ್ಯಾಂಕ್, ಫೋಕ-ವುಲ್ಫ್ 190ರ ವಿನ್ಯಾಸಕಾರ. ನಾಜಿಗಳಿಂದ ನರಳಿದವರು, ನಾಜಿ ಜರ್ಮನಿಗೆ ಯುದ್ಧವಿಮಾನ ಮಾಡಿಕೊಟ್ಟವರು, ಇಬ್ಬರೂ ಒಂದೇ ಕಾಲೇಜಿನ ಅಧ್ಯಾಪಕರು. ಸ್ಪಾಂಡರ್ ಅವರಿಗೆ ಜರ್ಮನರೆಂದರೆ ಆಗುತ್ತಿರಲಿಲ್ಲ ಎಂದು ಕಲಾಂ ಮುಚ್ಚುಮರೆ ಇಲ್ಲದೆ ಬರೆಯುತ್ತಾರೆ.

ಇಂಜಿನ್ ಬದಲಾದರೆ ವಿಮಾನವೇ ಬದಲು

ಫೋಕ-ವುಲ್ಫ್ 190 ಮೊದಲು ಹಾರಿದ್ದು 1939ರ ಜೂನ್ 1ರಂದು. ಟ್ಯಾಂಕ್ ಮೊದಲ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದವರು. ತಮಗೆ ಬೇಕಾದದ್ದು ರೇಸಿನ ಕುದುರೆಯಲ್ಲ, ಕೆಸರಲ್ಲೂ ಓಡುವ ದಂಡಿನ ಕುದುರೆ ಎಂಬುದು ಅವರ ನಿಲುವು. ಮೊದಲು ಕೂರಿಸಿದ ಇಂಜಿನ್ ಬಿಎಂಡಬ್ಲ್ಯು 139, ಅದು ವಿಪರೀತ ಬಿಸಿಯಾಗುತ್ತಿತ್ತು. ಅದರ ಬದಲು 14 ಸಿಲಿಂಡರಿನ ಬಿಎಂಡಬ್ಲ್ಯು 801 ಬಂತು. ಇದು ಹೆಚ್ಚು ಭಾರ, ಹೆಚ್ಚು ಉದ್ದ. ಮೂಗು ಭಾರವಾದಾಗ ತಕ್ಕಡಿ ಸರಿದೂಗಿಸಲು ಪೈಲಟ್ ಕೂರುವ ಜಾಗವನ್ನೇ ಹಿಂದಕ್ಕೆ ಸರಿಸಿದರು. ಯುದ್ಧದ ಕೊನೆಗೆ ಬೇರೊಂದು ಉದ್ದನೆಯ ಇಂಜಿನ್ ಹಾಕಿದಾಗ ಬಾಲದ ಹತ್ತಿರ ಸುಮಾರು ಅರ್ಧ ಮೀಟರ್ ತುಂಡು ಸೇರಿಸಬೇಕಾಯಿತು. ಎಂದರೆ ಒಡಲು ಮಾಡಿ ಆಮೇಲೆ ಇಂಜಿನ್ ಹುಡುಕುವ ಹಾಗಿಲ್ಲ. ಇಂಜಿನ್ ಯಾವುದೆಂದು ಗೊತ್ತಾಗುವವರೆಗೆ ಒಡಲೂ ಅರ್ಧವೇ.

ಮೇಲಿನ ಮಹಡಿಯ ಹುಡುಗನಿಗೂ ಇದೇ ಪೇಚು. ಅವನ ಲೆಕ್ಕವನ್ನು ನಿಮ್ಮ ಮುಂದೆಯೂ ಇಡುತ್ತೇನೆ.

ನಿಜವಾದ ವಿಮಾನದ ರೆಕ್ಕೆ ಹರವು 10.5 ಮೀಟರ್. ಐದನೇ ಒಂದರಷ್ಟು ಮಾಡಿದರೆ 2.1 ಮೀಟರ್. ಆದರೆ ಉದ್ದ 5 ಪಟ್ಟು ಕುಗ್ಗಿದಾಗ ರೆಕ್ಕೆಯ ವಿಸ್ತೀರ್ಣ 25 ಪಟ್ಟು, ಗಾತ್ರ 125 ಪಟ್ಟು ಕುಗ್ಗುತ್ತದೆ. ಯುದ್ಧಕ್ಕೆ ಹೊರಟ ನಿಜವಾದ ವಿಮಾನದ ತೂಕ ಸುಮಾರು 4,400 ಕಿಲೋ. 125ರಿಂದ ಭಾಗಿಸಿ, 35 ಕಿಲೋ ಬರುತ್ತದೆ. ಅಷ್ಟು ಭಾರದ ಮಾದರಿಯನ್ನು ಸಣ್ಣ ಮೈದಾನದಲ್ಲಿ ಇಳಿಸುವುದು ಕಷ್ಟ. ಆದ್ದರಿಂದ ಕಟ್ಟುವವರು ಹಗುರ ಮರ ಬಳಸಿ 12 ಕಿಲೋ ಆಸುಪಾಸಿಗೆ ತರುತ್ತಾರೆ. ಅಂದರೆ ಆಕಾರದಲ್ಲಿ ನಿಷ್ಠೆ, ತೂಕದಲ್ಲಿ ಬೇಕೆಂದೇ ಮಾಡಿದ ಮೋಸ.

ಈಗ ಸಾಮರ್ಥ್ಯ. ಯುದ್ಧವಿಮಾನದ ಹಾಗೆ ಚುರುಕಾಗಿ ಹಾರಬೇಕಾದರೆ ಕಿಲೋಗೆ 250 ವಾಟ್ ಎಂದು ಇಟ್ಟುಕೊಳ್ಳೋಣ. 12 ಕಿಲೋಗೆ 3,000 ವಾಟ್. 12 ಲಿಥಿಯಂ ಕೋಶಗಳ ಬ್ಯಾಟರಿ ಕೊಡುವುದು ಸುಮಾರು 44 ವೋಲ್ಟ್, ಹಾಗಾದರೆ ಎಳೆಯುವ ವಿದ್ಯುತ್ 68 ಆಂಪಿಯರ್. 5 ಆಂಪಿಯರ್-ಗಂಟೆಯ ಬ್ಯಾಟರಿ ಇದ್ದರೆ ಪೂರ್ತಿ ವೇಗದಲ್ಲಿ ನಾಲ್ಕೂವರೆ ನಿಮಿಷ ಸಿಗುತ್ತದೆ. ಪೂರ್ತಿ ವೇಗ ಸದಾ ಬೇಕಿಲ್ಲ, ಆದರೂ ಎಂಟು-ಹತ್ತು ನಿಮಿಷದೊಳಗೆ ನೆಲಕ್ಕೆ ಬರಲೇಬೇಕು.

ಪೆಟ್ರೋಲ್ ಇಂಜಿನ್ ಆದರೆ 50ರಿಂದ 60 ಸಿಸಿ, ಒಂದು ಸ್ಕೂಟಿಯ ಅರ್ಧದಷ್ಟು. ಒಂದು ಕಿಲೋ ಪೆಟ್ರೋಲಿನಲ್ಲಿ ಸುಮಾರು 12 ಕಿಲೋವಾಟ್-ಗಂಟೆ ಶಕ್ತಿ ಇದೆ. ಒಂದು ಕಿಲೋ ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಅದರ ಅರವತ್ತನೇ ಒಂದರಷ್ಟು. ಸಣ್ಣ ಇಂಜಿನ್ ಪೆಟ್ರೋಲಿನ ಐದನೇ ನಾಲ್ಕು ಪಾಲನ್ನು ಬಿಸಿಯಾಗಿ ಹಾಳುಮಾಡಿದರೂ ಪೆಟ್ರೋಲೇ ಮುಂದೆ. ಆದರೆ ಅದು ನಡುಗಿಸುತ್ತದೆ, ಬಿಸಿಯಾಗುತ್ತದೆ, ಮೂಗಿನ ಮುಚ್ಚಳದೊಳಗೆ ಗಾಳಿ ಆಡದಿದ್ದರೆ ನಿಂತುಹೋಗುತ್ತದೆ. ಟ್ಯಾಂಕ್ ಎದುರಿಸಿದ ತೊಂದರೆಯೂ ಇದೇ. ಅವರ ತಂಡ ಮೂಗಿನೊಳಗೆ 12 ಅಲಗಿನ ಫ್ಯಾನ್ ಕೂರಿಸಿ ಇಂಜಿನ್ ತಣಿಸಿತ್ತು. ಇನ್ನೊಂದು ಸ್ವಾರಸ್ಯ: ಮಾದರಿಯಲ್ಲಿ ಇಂಜಿನ್ ನಿಜದಷ್ಟು ಭಾರವಿಲ್ಲ, ಈ ವಿಮಾನದ ಮೂಗೂ ಮೋಟು. ಹಾಗಾಗಿ ಹಿಂಭಾರವಾಗಿ, ಹುಡುಗ ಮೂಗಿನಲ್ಲಿ ಸೀಸದ ತುಂಡು ಅಂಟಿಸಬೇಕಾಯಿತು. ಟ್ಯಾಂಕ್‌ಗೆ ಮೂಗಿನ ಭಾರ ಸಮಸ್ಯೆ, ಇವನಿಗೆ ಮೂಗಿನ ಹಗುರ ಸಮಸ್ಯೆ.

ಮೂರು ದಿನದ ನಕ್ಷೆ

ಎಂಐಟಿಯಲ್ಲಿ ಕಲಾಂ ಮತ್ತು ನಾಲ್ವರು ಸಹಪಾಠಿಗಳಿಗೆ ಕೊಟ್ಟ ಕೊನೆಯ ಕೆಲಸ, ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವ ವಿಮಾನವೊಂದರ ವಿನ್ಯಾಸ. ಒಡಲಿನ ಆಕಾರ ಕಲಾಂ ಪಾಲಿಗೆ. ಇಂಜಿನ್, ರಚನೆ, ನಿಯಂತ್ರಣ, ಉಪಕರಣಗಳು ಉಳಿದವರಿಗೆ. ಒಂದು ಶುಕ್ರವಾರ ನಿರ್ದೇಶಕ ಪ್ರೊ. ಶ್ರೀನಿವಾಸನ್ ನೋಡಿ ಅಸಮಾಧಾನಪಟ್ಟರು. ಒಂದು ತಿಂಗಳು ಸಮಯ ಕೇಳಿದರೆ ಸೋಮವಾರ ಬೆಳಿಗ್ಗೆಯವರೆಗೆ ಕೊಟ್ಟರು, ಇಲ್ಲವಾದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ ಎಂದರು. ಕಲಾಂ ಊಟ ಬಿಟ್ಟು, ನಿದ್ದೆ ಬಿಟ್ಟು ನಕ್ಷೆ ಮುಗಿಸಿದರು. ಈ ಕತೆಯನ್ನು ಪ್ರೇರಣೆಯ ಭಾಷಣಗಳಲ್ಲಿ ನೀವು ಕೇಳಿರುತ್ತೀರಿ. ನನ್ನ ಗಮನ ಹೋದದ್ದು ಬೇರೆಡೆ. ಮೂರು ದಿನದಲ್ಲಿ ಮುಗಿದದ್ದು ಆಕಾರ. ಇಂಜಿನ್ ಹಾಗೆ ಮುಗಿಯುವುದಿಲ್ಲ ಎಂಬುದನ್ನು ದೇಶ ಕಲಿತದ್ದು ಬೆಂಗಳೂರಿನಲ್ಲಿ.

1956ರಲ್ಲಿ ಕುರ್ಟ್ ಟ್ಯಾಂಕ್ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಭಾರತದ ಮೊದಲ ಜೆಟ್ ಯುದ್ಧವಿಮಾನದ ಕೆಲಸ ಶುರುಮಾಡಿದರು. ಅದೇ ಎಚ್‌ಎಫ್-24 ಮರುತ್, ನಮ್ಮ 'ಮಾರುತ'ದ ಮೂಲ ಪದ. ಶಬ್ದದ ಎರಡು ಪಟ್ಟು ವೇಗ ಅದರ ಗುರಿ. ಇಂಜಿನ್ ಇನ್ನೂ ಕೈಗೆ ಬಂದಿರಲಿಲ್ಲ. ಆಗ ಅವರು ಮಾಡಿದ್ದು ಮೇಲಿನ ಮಹಡಿಯ ಹುಡುಗ ಮಾಡಿದ್ದನ್ನೇ: ಮರದ ಮಾದರಿ. ಆದರೆ ಪೂರ್ಣ ಗಾತ್ರದ್ದು, ಇಬ್ಬರು ಕೂರುವಂಥದ್ದು, ಇಂಜಿನ್ ಇಲ್ಲದ್ದು. 1959ರಲ್ಲಿ ಒಂದು ಡಕೋಟಾ ವಿಮಾನ ಅದನ್ನು ಹಗ್ಗ ಕಟ್ಟಿ ಎಳೆದುಕೊಂಡು ಆಕಾಶಕ್ಕೆ ಹೋಗಿ ಬಿಟ್ಟಿತು. ಮರದ ಮರುತ್ ಜಾರುತ್ತ ಬೆಂಗಳೂರಿನ ನೆಲಕ್ಕೆ ಬಂತು. ಹೀಗೆ 80ಕ್ಕೂ ಹೆಚ್ಚು ಸಲ ಹಾರಿತು.

ಕನ್ನಡದ 'ಮಾದರಿ' ಎಂಬ ಪದ ನನಗೆ ಇಷ್ಟವಾಗುವುದು ಇಲ್ಲಿಯೇ. ಆಗಿಹೋದದ್ದರ ಚಿಕ್ಕ ಪ್ರತಿಯೂ ಮಾದರಿ, ಇನ್ನೂ ಆಗಬೇಕಾದದ್ದಕ್ಕೆ ಮುಂಚೆ ಮಾಡಿ ನೋಡುವುದೂ ಮಾದರಿ. ಹುಡುಗನ ಫೋಕ-ವುಲ್ಫ್ ಮೊದಲ ಬಗೆಯದು, ಬೆಂಗಳೂರಿನ ಮರದ ಮರುತ್ ಎರಡನೆಯದು. ಎರಡರಲ್ಲೂ ಒಡಲು ಪರೀಕ್ಷೆಗೆ ಸಿಗುತ್ತದೆ, ಇಂಜಿನ್ ಸಿಗುವುದಿಲ್ಲ.

ನಿಜವಾದ ಮರುತ್ 1961ರ ಜೂನ್‌ನಲ್ಲಿ ಸುರಂಜನ್ ದಾಸ್ ಅವರ ಕೈಯಲ್ಲಿ ಹಾರಿತು. ಅದಕ್ಕೆ ಬೇಕಾಗಿದ್ದ ಆರ್ಫಿಯಸ್ 12 ಎಂಬ ಹೆಚ್ಚು ಬಲದ ಬ್ರಿಟಿಷ್ ಇಂಜಿನ್ ಹಣದ ಬೆಂಬಲ ಸಿಗದೆ ನಿಂತುಹೋಗಿತ್ತು. ಈಜಿಪ್ಟ್ ತಯಾರಿಸುತ್ತಿದ್ದ ಇಂಜಿನ್‌ನ ಪ್ರಯತ್ನವೂ ಕೈಗೂಡಲಿಲ್ಲ. ಕೊನೆಗೆ ತಲಾ ಸುಮಾರು 2,200 ಕಿಲೋ ನೂಕುಬಲದ ಎರಡು ಹಳೆಯ ಆರ್ಫಿಯಸ್ 703 ಇಂಜಿನ್‌ಗಳಲ್ಲೇ ಹಾರಬೇಕಾಯಿತು. ಶಬ್ದದ ಎರಡು ಪಟ್ಟು ವೇಗಕ್ಕೆ ಮಾಡಿದ ಒಡಲು ಶಬ್ದದ ವೇಗದ ಆಸುಪಾಸಿನಲ್ಲೇ ನಿಂತಿತು. ಬೆಂಗಳೂರಿನ ಜಿಟಿಆರ್‌ಇ ಪ್ರಯೋಗಾಲಯ ಅದೇ ಇಂಜಿನ್‌ಗೆ ಹೆಚ್ಚುವರಿ ಇಂಧನ ಉರಿಸುವ ವ್ಯವಸ್ಥೆ ಸೇರಿಸಿ ಬಲ ಹೆಚ್ಚಿಸಲು ಹೊರಟಿತು. ಅಂಥ ಪರೀಕ್ಷಾ ವಿಮಾನವೊಂದನ್ನು 1970ರ ಜನವರಿ 10ರಂದು ಮೇಲಕ್ಕೇರಿಸುವಾಗ ಅಪಘಾತವಾಗಿ ಸುರಂಜನ್ ದಾಸ್ ತೀರಿಕೊಂಡರು.

ಒಟ್ಟು 147 ಮರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ಅವು ರಾಜಸ್ಥಾನದ ಗಡಿಯಲ್ಲಿ ಮಾಡಿದ್ದು, ನೆಲಕ್ಕೆ ಹತ್ತಿರ ಹಾರಿ ದಾಳಿ ಮಾಡುವ ಕೆಲಸ. ಕ್ರೋಂಪೇಟೆಯ ಐವರು ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದ ವಿಮಾನದ ಕೆಲಸವೂ ಅದೇ. ಒಡಲು ಚೆನ್ನಾಗಿತ್ತು, ಸ್ಥಿರವಾಗಿತ್ತು ಎಂದು ಹಾರಿಸಿದವರು ಮೆಚ್ಚಿದರು. ದಶಕಗಳ ನಂತರ 2001ರ ಜನವರಿಯಲ್ಲಿ ಮೊದಲ ಸಲ ಹಾರಿದ ತೇಜಸ್‌ನ ಒಡಲು ಬೆಂಗಳೂರಿನದು, ಇಂಜಿನ್ ಅಮೆರಿಕದ್ದು. ತೇಜಸ್‌ಗಾಗಿ ಶುರುವಾದ ನಮ್ಮ ಕಾವೇರಿ ಇಂಜಿನ್ ಅದರೊಳಗೆ ಕೂರಲಿಲ್ಲ.

ಕಾರಣ ಸರಳ. ಒಡಲಿನ ಆಕಾರವನ್ನು ಕಣ್ಣು ನೋಡಬಲ್ಲದು, ಅಳೆಯಬಲ್ಲದು, ನಕ್ಷೆಗೆ ಇಳಿಸಬಲ್ಲದು. ಇಂಜಿನ್‌ನ ಗುಟ್ಟು ಲೋಹದ ಒಳಗಿದೆ: ಕರಗುವ ಹಂತದ ಬಿಸಿಯಲ್ಲೂ ಬಾಗದ ಅಲಗು, ಅದನ್ನು ಎರಕ ಹೊಯ್ಯುವ ಕೈ, ಸಾವಿರಾರು ಗಂಟೆ ಓಡಿಸಿ ಕೆಡಿಸಿ ಕಲಿತ ಪಾಠ. ಎರಕದ ಕೈಯನ್ನು ಯಾರೂ ಕಳಿಸಿಕೊಡುವುದಿಲ್ಲ. ಎಂಐಟಿ ಮುಗಿಸಿ ಬೆಂಗಳೂರಿನ ಎಚ್‌ಎಎಲ್‌ಗೆ ತರಬೇತಿಗೆ ಬಂದ ಕಲಾಂ ಮಾಡಿದ ಕೆಲಸವೂ ಇಂಜಿನ್ ಬಿಚ್ಚಿ ಜೋಡಿಸುವುದೇ ಆಗಿತ್ತು.

ಬಾಲದ ಮೇಲಿನ ಗುರುತು

ಹುಡುಗನ ನಕ್ಷೆಯಲ್ಲಿ ಬಣ್ಣದ ವಿವರವೂ ಇತ್ತು, ಬಾಲದ ಮೇಲೆ ನಾಜಿ ಗುರುತು ಸೇರಿದಂತೆ. ನಿಷ್ಠೆಯ ಮಾದರಿ ಎಂದರೆ ಅದೂ ಇರಬೇಕಲ್ಲ ಎಂದ. ಅನುವಾದ ಮಾಡುವಾಗ ನಾನು ಮೊದಲ ಬಾರಿ ಕೈ ತಡೆದೆ. ಜರ್ಮನಿಯ ವಿಮಾನ ಕಾರ್ಖಾನೆಗಳಲ್ಲಿ ಬಲವಂತವಾಗಿ ದುಡಿಸಿಕೊಂಡ ಸೆರೆಯಾಳುಗಳ ಬಗ್ಗೆ ಹೇಳಿದೆ, ಸ್ಪಾಂಡರ್ ಬಗ್ಗೆಯೂ ಹೇಳಿದೆ. ತೂಕದಲ್ಲಿ ಬೇಕೆಂದೇ ಸುಳ್ಳು ಹೇಳಿದವನಿಗೆ ಬಣ್ಣದಲ್ಲಿ ಒಂದು ಜಾಗ ಖಾಲಿ ಬಿಡುವುದು ಕಷ್ಟವಾಗಬಾರದು ಎಂದೆ. ಅವನು ಎರಡು ದಿನ ಯೋಚಿಸಿ ಬಾಲವನ್ನು ಬರಿದಾಗಿ ಬಿಟ್ಟ.

ಇಂಜಿನ್ ಕೊನೆಗೂ ಬಂತು. ಹಾರಿಸಲು ಮಾತ್ರ ಕ್ರೋಂಪೇಟೆಯಲ್ಲಿ ಆಗುವುದಿಲ್ಲ. ಒಂದು ಕಡೆ ಮೀನಂಬಾಕ್ಕಂ ವಿಮಾನ ನಿಲ್ದಾಣ, ಇನ್ನೊಂದು ಕಡೆ ತಾಂಬರಂ ವಾಯುಪಡೆ ನೆಲೆ, ಅನುಮತಿ ಇಲ್ಲದೆ ಆಟಿಕೆಯನ್ನೂ ಮೇಲಕ್ಕೆ ಕಳಿಸುವಂತಿಲ್ಲ. ಇದೇ ಎಂಐಟಿಯ ದಕ್ಷ ತಂಡ 2018ರಲ್ಲಿ ಆಸ್ಟ್ರೇಲಿಯಾಗೆ ಹೋಗಿ, ದೂರದ ರೋಗಿಗೆ ಪೈಲಟ್‌ರಹಿತ ವಿಮಾನದಲ್ಲಿ ಔಷಧಿ ತಲುಪಿಸುವ ಸ್ಪರ್ಧೆಯಲ್ಲಿ ಎರಡನೆಯದಾಗಿ ಬಂತು. ಸಿನಿಮಾ ನಟ ಅಜಿತ್ ಕುಮಾರ್ ಆ ತಂಡದ ಸಲಹೆಗಾರರಾಗಿದ್ದರು, ಅವರೂ ಮಾದರಿ ವಿಮಾನ ಹಾರಿಸುವವರೇ.

ಹುಡುಗ ತನ್ನ ವಿಮಾನವನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟು ಊರಿಗೆ ಒಯ್ದ. ರಸ್ತೆಯಲ್ಲಿ, ಬೆಂಗಳೂರಿನ ಮೂಲಕ. ಹಳೆ ಮದ್ರಾಸ್ ರಸ್ತೆಯಿಂದ ಎಚ್‌ಎಎಲ್ ಕಡೆಗೆ ಹೋಗುವ ಒಂದು ಅಡ್ಡರಸ್ತೆ ಇದೆ. ಬೆಂಗಳೂರಿನವರು ದಿನವೂ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೈದುಕೊಳ್ಳುವ ರಸ್ತೆ. ಅದರ ಹೆಸರು ಸುರಂಜನ್ ದಾಸ್ ರಸ್ತೆ. ಮುಂದಿನ ಸಲ ಅಲ್ಲಿ ನಿಂತಾಗ, ಅವರು ಯಾವ ಕೊರತೆಯನ್ನು ತುಂಬಲು ಹೊರಟು ಹೋದರು ಎಂದು ನೀವೂ ಒಮ್ಮೆ ನೆನೆಯಿರಿ.