ಗಿರಕಿಯಿಂದ ಪಾರಾಗುವ ವಿದ್ಯೆ

ಮಂಡಕಳ್ಳಿಯ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಮೈಸೂರಿನ ಶ್ರೀರಾಂಪುರದವರಿಗೆ ಹೊಸತಲ್ಲ. ಇಳಿಯುವ ವಿಮಾನ ವೇಗವನ್ನು ತಗ್ಗಿಸಲೇಬೇಕು. ಆದರೆ ಎಷ್ಟು ತಗ್ಗಿಸಬಹುದು? ಹಾರಾಟದ ಚರಿತ್ರೆಯಲ್ಲಿ ಅನೇಕರ ಪ್ರಾಣ ತೆಗೆದ ಪ್ರಶ್ನೆಯಿದು.

ವೇಗ ತಗ್ಗಿದಂತೆ ವೈಮಾನಿಕನು ವಿಮಾನದ ಮೂತಿಯನ್ನು ಮೇಲೆತ್ತಬೇಕಾಗುತ್ತದೆ. ಗಾಳಿಗೆ ಎದುರಾದ ರೆಕ್ಕೆಯ ಓರೆ ಸುಮಾರು 15 ಡಿಗ್ರಿಯನ್ನು ಮೀರಿತೆಂದರೆ, ಗಾಳಿಯು ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದುರುತ್ತದೆ. ಎತ್ತಿಹಿಡಿಯುವ ಬಲ ಕುಸಿಯುತ್ತದೆ. ಇದು ‘ಸ್ಟಾಲ್’. ಆಗ ಒಂದು ರೆಕ್ಕೆ ಇನ್ನೊಂದಕ್ಕಿಂತ ಹೆಚ್ಚು ಸೋತರೆ ವಿಮಾನವು ಆ ಕಡೆಗೆ ವಾಲಿ, ಬುಗುರಿಯಂತೆ ಗಿರಕಿ ಹೊಡೆಯುತ್ತ ಕೆಳಗಿಳಿಯುತ್ತದೆ. ಇದು ‘ಸ್ಪಿನ್’.

ಮೊದಮೊದಲು ಇದಕ್ಕೆ ಸಿಕ್ಕವರು ಬದುಕುತ್ತಿದ್ದುದು ಅಪರೂಪ. 1912ರ ಆಗಸ್ಟಿನಲ್ಲಿ ಇಂಗ್ಲೆಂಡಿನ ವಿಲ್ಫ್ರೆಡ್ ಪಾರ್ಕ್ ಎಂಬಾತನು ಕೊನೆಯ ಗಳಿಗೆಯಲ್ಲಿ ಚುಕ್ಕಾಣಿಯನ್ನು ಗಿರಕಿಗೆ ವಿರುದ್ಧವಾಗಿ ಒತ್ತಿ ಪಾರಾದನು. ಅದೇ ಡಿಸೆಂಬರಿನಲ್ಲಿ ಮತ್ತೊಂದು ಅಪಘಾತ ಅವನನ್ನು ಬಲಿ ತೆಗೆದುಕೊಂಡಿತು. 1917ರಲ್ಲಿ ಫಾರ್ನ್‌ಬರೋದಲ್ಲಿ ಲಿಂಡೆಮನ್ ಎಂಬ ವಿಜ್ಞಾನಿ ತಾವೇ ವಿಮಾನವನ್ನು ಬೇಕೆಂದೇ ಸ್ಪಿನ್ನಿಗೆ ದೂಡಿ, ಸುತ್ತುತ್ತಿರುವಾಗಲೇ ಮಾಪಕಗಳನ್ನು ಓದಿಕೊಂಡರು. ಅದೃಷ್ಟವಾಗಿದ್ದದ್ದು ಹೀಗೆ ಕ್ರಮೇಣ ವಿದ್ಯೆಯಾಯಿತು.

ಆ ವಿದ್ಯೆ ಹೇಳಲು ಸುಲಭ. ಇಂಜಿನ್ನಿನ ಶಕ್ತಿ ತಗ್ಗಿಸು. ಚುಕ್ಕಾಣಿಯನ್ನು ಗಿರಕಿಗೆ ವಿರುದ್ಧವಾಗಿ ಪೂರ್ತಿ ಒತ್ತು. ಹಿಡಿಗೋಲನ್ನು ಮುಂದಕ್ಕೆ ದೂಡು. ಸುತ್ತು ನಿಂತೊಡನೆ ಚುಕ್ಕಾಣಿಯನ್ನು ನೆಟ್ಟಗೆ ಮಾಡಿ ಮೆಲ್ಲನೆ ಮೇಲೆತ್ತು. ಆದರೆ ನೆಲವೇ ಎದುರಿಗೆ ತಿರುಗುತ್ತಿರುವಾಗ ಮೂತಿಯನ್ನು ಇನ್ನಷ್ಟು ಕೆಳಗೆ ಮಾಡಲು ಯಾರ ಕೈ ತಾನೆ ಒಪ್ಪೀತು? ಕೈ ತಾನಾಗಿಯೇ ಹಿಡಿಗೋಲನ್ನು ಹಿಂದಕ್ಕೆಳೆಯುತ್ತದೆ, ಸ್ಟಾಲ್ ಬಿಡುವುದೇ ಇಲ್ಲ. ಆದ್ದರಿಂದಲೇ ಸಾವಿರಾರು ಅಡಿಗಳ ಮೇಲೆ, ಶಿಕ್ಷಕನ ಜೊತೆಯಲ್ಲಿ, ಕೈಗೆ ರೂಢಿಯಾಗುವವರೆಗೆ ಅಭ್ಯಾಸ ಮಾಡಿಸುತ್ತಾರೆ.

ಇಂಥ ಪಾಠಕ್ಕೆ ತಕ್ಕ ವಿಮಾನವೂ ಬೇಕು. 1940ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಹಿಂದೂಸ್ಥಾನ್ ಕಾರ್ಖಾನೆಯಲ್ಲಿ, ಗ್ಯೊಟಿಂಗೆನ್ನಿನಲ್ಲಿ ಪ್ರಾಂಟಲರ ಬಳಿ ಕಲಿತ ಡಾ. ವಿ. ಎಂ. ಘಾಟಗೆಯವರು ರೂಪಿಸಿದ ಎಚ್.ಟಿ.-2, 1951ರ ಆಗಸ್ಟಿನಲ್ಲಿ ಮೊದಲು ಹಾರಿತು. ಒಂದರ ಹಿಂದೊಂದು ಎರಡು ಪೀಠಗಳ ಆ ಪುಟ್ಟ ವಿಮಾನಗಳು 150ಕ್ಕೂ ಹೆಚ್ಚು ತಯಾರಾದುವು. ವಾಯುಪಡೆಯ ಹಲವು ತಲೆಮಾರುಗಳ ತರುಣರು ಅವುಗಳಲ್ಲಿ ಹಾರಲು ಕಲಿತರು.

ಗಿರಕಿಯ ಸಮಸ್ಯೆ ಅಂದಿಗೆ ಮುಗಿಯಲಿಲ್ಲ. ಅದೇ ಕಾರ್ಖಾನೆಯ ಜೆಟ್ ತರಬೇತಿ ವಿಮಾನ ‘ಸಿತಾರಾ’ ಮೊದಲು ಹಾರಿದ್ದು 2003ರಲ್ಲಿ. ಎಡಕ್ಕೂ ಬಲಕ್ಕೂ ಆರಾರು ಸುತ್ತಿನ ಸ್ಪಿನ್ನಿನಿಂದ ಹೊರಬಂದಿತೆಂದು ಪ್ರಕಟವಾದದ್ದು 2022ರಲ್ಲಿ. ಲೆಕ್ಕ, ನಕ್ಷೆಗಳು ಎಷ್ಟೇ ಬೆಳೆದಿದ್ದರೂ, ವಿಮಾನವನ್ನು ಬೇಕೆಂದೇ ಗಿರಕಿಗೆ ಬಿಟ್ಟು ಅದರಿಂದ ಹೊರತರುವ ಧೀರರು ಇಂದಿಗೂ ಬೇಕು.