ಡೈನಮೋದಿಂದ ಆಲ್ಟರ್ನೇಟರಿಗೆ: ಒಂದು ದೋಷಪರೀಕ್ಷೆಯ ಚರಿತ್ರೆ

ಯಂತ್ರಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರದ ಕಾಲನಿರ್ಣಯದಲ್ಲಿಯೇ ತೃಪ್ತರಾಗುತ್ತಾರೆ. ಕೆಟ್ಟ ಯಂತ್ರವನ್ನು ಸರಿಪಡಿಸಿದವರ ತಿಳಿವಳಿಕೆಯೂ ಚರಿತ್ರೆಯ ವಿಷಯವೇ ಎಂಬುದು ನಮ್ಮ ಅಭಿಪ್ರಾಯ. ನಿದರ್ಶನಾರ್ಥವಾಗಿ, ಓಡುತ್ತಿರುವ ಕಾರಿನ ಬ್ಯಾಟರಿಯ ತಂತಿಯನ್ನು ಕಳಚಿ ನೋಡುವ ಪರೀಕ್ಷೆಯೊಂದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಸೀಸ ಮತ್ತು ಆಮ್ಲಗಳ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ೧೮೫೯ರಲ್ಲಿ ರಚಿಸಿದನು. ಅಮೆರಿಕದ ಕೆಟರಿಂಗನು ರೂಪಿಸಿದ ವಿದ್ಯುತ್ ಸ್ಟಾರ್ಟರು ೧೯೧೨ರ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ, ಬ್ಯಾಟರಿಯನ್ನು ಸದಾ ತುಂಬಿಡುವ ಹೊಣೆ ಡೈನಮೋವಿನ ಮೇಲೆ ಬಿದ್ದಿತು. ಎಂಜಿನು ನಿಧಾನವಾಗಿ ತಿರುಗುವಾಗ ಡೈನಮೋವಿನ ಉತ್ಪತ್ತಿ ತೀರ ಕಡಮೆ. ಬ್ಯಾಟರಿಯ ವಿದ್ಯುತ್ತು ಅದರೊಳಕ್ಕೆ ಹಿಂದಿರುಗದಂತೆ ಕಟ್‌ಔಟ್ ಎಂಬ ಸಾಧನವು ಸಂಪರ್ಕವನ್ನು ಕಡಿಯುತ್ತಿತ್ತು. ಆದಕಾರಣ ರಾತ್ರಿ ದೀಪ ಹೊತ್ತಿಸಿಕೊಂಡು ಊರೊಳಗೆ ನಿಂತು ನಿಂತು ಸಾಗುವ ಕಾರಿನಲ್ಲಿ, ಯಾವ ದೋಷವಿಲ್ಲದಿದ್ದರೂ ಬ್ಯಾಟರಿ ಬರಿದಾಗಬಹುದಾಗಿತ್ತು.

ಡೈನಮೋವು ತನ್ನಲ್ಲಿ ಉಳಿದ ಅಲ್ಪ ಕಾಂತಶಕ್ತಿಯಿಂದಲೇ ವಿದ್ಯುತ್ತನ್ನು ಆರಂಭಿಸಬಲ್ಲುದು. ತಂತಿ ಕಳಚಿ ವೇಗ ಹೆಚ್ಚಿಸಿದಾಗ ಎಂಜಿನು ನಿಲ್ಲದಿದ್ದರೆ ಡೈನಮೋ ಸರಿಯಾಗಿದೆಯೆಂಬ ತೀರ್ಮಾನಕ್ಕೆ ಇದೇ ಆಧಾರ. ಮೂರನೆಯ ಬ್ರಷ್ಷಿನಿಂದ ನಿಯಂತ್ರಿತವಾದ ಹಳೆಯ ಡೈನಮೋಗಳಲ್ಲಿ ಇದೂ ಅಪಾಯಕರವೇ. ಬ್ಯಾಟರಿಯಿಲ್ಲದೆ ವೋಲ್ಟೇಜು ಏರಿ ದೀಪಗಳು ಸುಟ್ಟುಹೋಗುತ್ತಿದ್ದವು. ವೋಲ್ಟೇಜ್ ನಿಯಂತ್ರಕ ಬಂದ ಮೇಲೆ ಭಯ ತಗ್ಗಿತು, ಪರೀಕ್ಷೆ ಅಭ್ಯಾಸವಾಯಿತು.

೧೯೬೦ರ ಮಾದರಿಯ ವೇಲಿಯಂಟ್ ಕಾರಿನಲ್ಲಿ ಕ್ರೈಸ್ಲರ್ ಸಂಸ್ಥೆಯು ಆಲ್ಟರ್ನೇಟರನ್ನು ಅಳವಡಿಸಿತು. ಇದನ್ನು ಸಾಧ್ಯವಾಗಿಸಿದುದು ಸಿಲಿಕಾನ್ ಡಯೋಡು. ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಕಟ್‌ಔಟ್ ಅನಾವಶ್ಯಕವಾಯಿತು. ನಿಧಾನಗತಿಯಲ್ಲಿಯೂ ಸಾಕಷ್ಟು ವಿದ್ಯುತ್ತು ದೊರೆಯಿತು. ಆದರೆ ಹಳೆಯ ಪರೀಕ್ಷೆಯ ಅರ್ಥವೇ ಇಲ್ಲಿ ತಲೆಕೆಳಗಾಯಿತು. ಬ್ಯಾಟರಿಯನ್ನು ಥಟ್ಟನೆ ಬೇರ್ಪಡಿಸಿದರೆ ಆಲ್ಟರ್ನೇಟರಿನ ಕಾಂತಕ್ಷೇತ್ರವು ಆ ಕ್ಷಣದಲ್ಲಿಯೇ ಕುಗ್ಗಲಾರದು. ವೋಲ್ಟೇಜು ಒಮ್ಮೆಲೆ ನೆಗೆದು ಡಯೋಡುಗಳನ್ನು ಭೇದಿಸಬಹುದು. ಸುಸ್ಥಿತಿಯಲ್ಲಿದ್ದ ಯಂತ್ರವು ಪರೀಕ್ಷೆಯಿಂದಲೇ ಕೆಟ್ಟು, ಕೆಟ್ಟಿತ್ತೆಂಬ ತೀರ್ಪಿಗೆ ತಾನೇ ಸಾಕ್ಷಿಯಾಗುತ್ತದೆ! ಬ್ಯಾಟರಿಯ ಧ್ರುವಗಳನ್ನು ಅದಲುಬದಲಾಗಿ ಜೋಡಿಸುವ ತಪ್ಪೂ ಹಾಗೆಯೇ. ಡೈನಮೋವಿನ ಧ್ರುವತೆಯನ್ನು ಮತ್ತೆ ಸರಿಪಡಿಸಬಹುದಾಗಿತ್ತು. ಡಯೋಡು ಸುಟ್ಟರೆ ಸುಟ್ಟಂತೆಯೇ.

ಇದರ ಸ್ಥಾನದಲ್ಲಿ ವೋಲ್ಟ್‌ಮೀಟರಿನ ಪರೀಕ್ಷೆ ಬಂದಿತು. ತುಂಬಿದ ೧೨ ವೋಲ್ಟಿನ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು ೧೨.೬ ವೋಲ್ಟನ್ನೂ, ಎಂಜಿನು ಓಡುವಾಗ ಸಾಮಾನ್ಯವಾಗಿ ೧೩.೮ರಿಂದ ೧೪.೪ ವೋಲ್ಟನ್ನೂ ತೋರಿಸಬೇಕು. ಆಲ್ಟರ್ನೇಟರಿನ ಬಳಿ ಸರಿಯಾಗಿದ್ದು ಬ್ಯಾಟರಿಯ ಬಳಿ ಕಡಮೆಯಿದ್ದರೆ ದೋಷವು ನಡುವಣ ತಂತಿಯಲ್ಲಿ ಅಥವಾ ಕಿಲುಬುಗಟ್ಟಿದ ಜೋಡಣೆಯಲ್ಲಿದೆ. ಎರಡು ಕಡೆಯೂ ಕಡಮೆಯಾದರೆ ಮೊದಲು ಬೆಲ್ಟಿನ ಬಿಗಿಯನ್ನು ನೋಡಬೇಕು.

ಹಳೆಯ ಪರೀಕ್ಷೆ ಆಲ್ಟರ್ನೇಟರಿನ ಕಾಲದಲ್ಲಿಯೂ ನಡೆಯಿತೆನ್ನಲು ಆಧಾರವೇನು? ಎಂಜಿನು ಓಡುವಾಗ ಬ್ಯಾಟರಿಯನ್ನು ಬೇರ್ಪಡಿಸಕೂಡದೆಂದು ದುರಸ್ತಿಯ ಕೈಪಿಡಿಗಳು ನಿಷೇಧಿಸುತ್ತಲೇ ಬಂದಿವೆ. ದತ್ತಿಯನ್ನು ಅಪಹರಿಸಿದವರಿಗೆ ಶಾಪ ಹಾಕುವ ನಮ್ಮ ಶಾಸನಗಳಿಂದ, ಅಪಹಾರದ ಭಯ ನಿಜವಾಗಿಯೂ ಇದ್ದಿತೆಂದು ನಾವು ಊಹಿಸುವುದಿಲ್ಲವೆ? ಕೈಪಿಡಿಯ ನಿಷೇಧವನ್ನೂ ಹಾಗೆಯೇ ಓದಬಹುದು.