1985ರ ಇಬ್ಬರು ಪತ್ತೇದಾರರು

1985ರಲ್ಲಿ ದೂರದರ್ಶನಕ್ಕೆ ಒಬ್ಬ ಪತ್ತೇದಾರ ಬಂದ. ಕಪ್ಪು ಕನ್ನಡಕ, ಕೈಯಲ್ಲಿ ಕ್ಯಾರೆಟ್, ಪಕ್ಕದಲ್ಲಿ ಪೆದ್ದುಪೆದ್ದಾಗಿ ಪ್ರಶ್ನೆ ಕೇಳಿ ಬೈಸಿಕೊಳ್ಳುವ ಸಹಾಯಕಿ ಕಿಟ್ಟಿ. ಧಾರಾವಾಹಿಯ ಹೆಸರು 'ಕರಮ್‌ಚಂದ್'. ನಿರ್ದೇಶಕ ಪಂಕಜ್ ಪರಾಶರ್, ಪತ್ತೇದಾರನಾಗಿ ಪಂಕಜ್ ಕಪೂರ್, ಕಿಟ್ಟಿಯಾಗಿ ಸುಷ್ಮಿತಾ ಮುಖರ್ಜಿ. ನಮ್ಮ ದೇಶದ ಟಿವಿಯಲ್ಲಿ ಪತ್ತೇದಾರಿ ಧಾರಾವಾಹಿಗಳ ರುಚಿ ಹತ್ತಿಸಿದ್ದು ಇದರ ಮೊದಲ ಸೀಸನ್.

ಅದೇ ವರ್ಷ ಕನ್ನಡದಲ್ಲೂ ಒಬ್ಬ ಪತ್ತೇದಾರ ಹುಟ್ಟಿದ. ಹೆಸರು ಅಂಗಡಿ. ಅವನು ಬಂದಿಳಿದದ್ದು ಟಿವಿಯಲ್ಲಲ್ಲ, ಪೂರ್ಣಚಂದ್ರ ತೇಜಸ್ವಿ ಅವರ 'ಚಿದಂಬರ ರಹಸ್ಯ' ಕಾದಂಬರಿಯಲ್ಲಿ, ಕೆಸರೂರು ಎಂಬ ಮಲೆನಾಡಿನ ಊರಿಗೆ.

ಈ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು ಅಂತ ನಮಗೆ ಬಹಳ ದಿನದಿಂದ ಇತ್ತು.

ಆಗಿನ ಟಿವಿ ಹೇಗಿತ್ತು ಅಂತ ಈಗ ಫೋನಿನಲ್ಲೇ ಎಲ್ಲ ನೋಡುವ ಹುಡುಗರಿಗೆ ಹೇಳಬೇಕು. ಬೆಂಗಳೂರು ದೂರದರ್ಶನ ಶುರುವಾದದ್ದೇ 1981ರ ನವೆಂಬರ್ 1ಕ್ಕೆ. ನಮ್ಮ ಕಡೆ ಊರಿಗೊಂದೋ ಎರಡೋ ಟಿವಿ. ಬಿದಿರ ಗಳಕ್ಕೆ ಆಂಟೆನಾ ಕಟ್ಟಿ ಒಬ್ಬ ತಿರುಗಿಸುವುದು, ಒಳಗಿದ್ದವರು "ಬಂತು ಬಂತು, ಅಲ್ಲೇ ಇರು ಮಾರಾಯ" ಅಂತ ಕೂಗುವುದು. ಬಂದರೂ ಅರ್ಧ ಮಳೆಯ ಹಾಗೆ ಚುಕ್ಕಿ. ಅದಕ್ಕೂ ಕರೆಂಟು ಇರಬೇಕಲ್ಲ! ಲಿಂಗನಮಕ್ಕಿ ಅಣೆಕಟ್ಟು 1964ರಲ್ಲೇ ಮುಗಿದು ಶರಾವತಿಯ ಕರೆಂಟು ದೂರದೂರಕ್ಕೆ ಹೋಗುತ್ತಿದ್ದರೂ ಅದೇ ಹಿನ್ನೀರಿನ ದಂಡೆಯ ಎಷ್ಟೋ ಮನೆಗಳಲ್ಲಿ ಇನ್ನೂ ಚಿಮಣಿ ದೀಪವೇ ಇತ್ತು. ಅದನ್ನು ಯಾವ ಪತ್ತೇದಾರನೂ ಅಪರಾಧ ಅಂತ ಬರೆದುಕೊಳ್ಳಲಿಲ್ಲ ಬಿಡಿ.

ಕರಮ್‌ಚಂದ್‌ನ ಲೆಕ್ಕ ಸರಳ. ಕೊಲೆ ಆಗುತ್ತದೆ. ನಾಲ್ಕು ಜನರ ಮೇಲೆ ಅನುಮಾನ. ಅವನು ಕ್ಯಾರೆಟ್ ಕಡಿಯುತ್ತಾ ಯೋಚಿಸುತ್ತಾನೆ, ಕೊನೆಗೆ ಒಬ್ಬನತ್ತ ಬೆರಳು ತೋರಿಸುತ್ತಾನೆ. ನೋಡಿದವರು ನೆಮ್ಮದಿಯಾಗಿ ಮಲಗುತ್ತಾರೆ. 1993ರಲ್ಲಿ ಬಂದ ಬಾಸು ಚಟರ್ಜಿಯವರ 'ಬ್ಯೋಮಕೇಶ್ ಬಕ್ಷಿ' ಇನ್ನಷ್ಟು ಗಂಭೀರ, ಆದರೆ ಲೆಕ್ಕ ಅದೇ. 1998ರಿಂದ 2018ರವರೆಗೆ ಓಡಿದ 'ಸಿಐಡಿ' ನಿಮಗೆಲ್ಲ ಗೊತ್ತು. ದಯಾ ಬಾಗಿಲು ಒಡೆಯದಿದ್ದರೆ ಸಂಚಿಕೆ ಮುಗಿದ ಹಾಗೇ ಅಲ್ಲ. ಕನ್ನಡದಲ್ಲಿ ರವಿ ಬೆಳಗೆರೆ ಅವರ 'ಕ್ರೈಂ ಡೈರಿ' ಈಟಿವಿಯಲ್ಲಿ ಬಂತು. ಅದು ಕಥೆಯಲ್ಲ, ನಡೆದ ಪ್ರಕರಣಗಳದ್ದು.

ಅಂಗಡಿಯ ಪಾಡು ಬೇರೆ. ಅವನ ಮುಂದಿರುವುದು ಒಬ್ಬ ವಿಜ್ಞಾನಿಯ ಸಾವು. ಅದರ ಜೊತೆಗೇ ಇನ್ನೊಂದು ಪ್ರಶ್ನೆ: ಏಲಕ್ಕಿ ಇಳುವರಿ ಯಾಕೆ ಕುಸಿಯುತ್ತಿದೆ? ಬೆಳೆ ಹಾಳಾದದ್ದನ್ನು ತನಿಖೆ ಮಾಡಲು ಪತ್ತೇದಾರನನ್ನು ಕಳಿಸಿದ ಕಥೆ ಬೇರೆಲ್ಲೂ ನಾವು ಓದಿಲ್ಲ. ಅವನು ಎಳೆ ಹಿಡಿದು ಹೊರಟರೆ ಒಂದು ಕಡೆ ಮರಗಳ್ಳತನ, ಇನ್ನೊಂದು ಕಡೆ ಜಾತಿ ಜಗಳ, ಧರ್ಮದ ಹೆಸರಿನ ಕಿಚ್ಚು, ಕ್ರಾಂತಿ ಮಾಡುತ್ತೇವೆ ಅಂತ ಓಡಾಡುವ ಹುಡುಗರು. ಇವರೆಲ್ಲ ತಮ್ಮ ತಮ್ಮ ಗಲಾಟೆಯಲ್ಲಿದ್ದಾಗ ಊರಿನ ಸುತ್ತ ಲಂಟಾನ ಸದ್ದಿಲ್ಲದೆ ಬೆಳೆಯುತ್ತಾ ಬರುತ್ತದೆ. ಅದರ ಮೇಲೆ ಮಾತ್ರ ಯಾರಿಗೂ ಅನುಮಾನವಿಲ್ಲ. ಕೊನೆ ಏನಾಗುತ್ತದೆ ಅಂತ ನಾವು ಹೇಳುವುದಿಲ್ಲ, ಓದದವರು ಓದಿ.

ಈ ಕಾದಂಬರಿಗೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ ವರ್ಷ ಟಿವಿಯಲ್ಲಿ ನಮ್ಮ ಊರುಗಳೇ ಕಂಡವು. ಆರ್.ಕೆ. ನಾರಾಯಣ್ ಅವರ ಕಥೆಗಳನ್ನು ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಮಾಡಿದ್ದರು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೇ ಮಾಲ್ಗುಡಿ, ಹೊಸನಗರ ತಾಲ್ಲೂಕಿನ ಅರಸಾಳು ಸ್ಟೇಷನ್ನೇ ಮಾಲ್ಗುಡಿ ಸ್ಟೇಷನ್. ಧಾರಾವಾಹಿ ಚೆನ್ನಾಗಿಯೇ ಇತ್ತು. ಆದರೆ ಅಲ್ಲಿ ಕಂಡದ್ದು ನಮ್ಮ ಹಂಚಿನ ಮನೆ, ನಮ್ಮ ಮಳೆ. ಕಥೆ ಇನ್ನೊಂದು ಊರಿನದು. ನಮ್ಮ ತೋಟ, ನಮ್ಮ ಸಾಲ, ನಮ್ಮ ಜಗಳ ಇದ್ದದ್ದು ಕೆಸರೂರಿನಲ್ಲಿ.

ಕೆಸರೂರು ಟಿವಿಗೆ ಬರಲು ಸುಮಾರು 20 ವರ್ಷ ಬೇಕಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಗಿರೀಶ್ ಕಾರ್ನಾಡ್ ದೂರದರ್ಶನಕ್ಕಾಗಿ 'ಚಿದಂಬರ ರಹಸ್ಯ'ವನ್ನು ಕಿರುತೆರೆಗೆ ತಂದರು. ಅದಕ್ಕೂ ಮೊದಲು, 1999ರಲ್ಲಿ, ತೇಜಸ್ವಿಯವರ ತಂದೆ ಕುವೆಂಪು ಅವರ 'ಕಾನೂರು ಹೆಗ್ಗಡಿತಿ'ಯನ್ನು ಸಿನಿಮಾ ಮಾಡಿದ್ದವರೂ ಅವರೇ. ಆದರೆ ಅಂಗಡಿ ಟಿವಿಗೆ ಬರುವ ಹೊತ್ತಿಗೆ ನಮ್ಮ ಮನೆಗಳಿಗೆ ಡಿಶ್ ಬಂದಿತ್ತು. ಬಾಗಿಲು ಒಡೆಯುವ ಪತ್ತೇದಾರನ ಗದ್ದಲದಲ್ಲಿ ಅಂಗಡಿಯನ್ನು ಕಂಡವರು ಕಡಿಮೆ. 2007ರ ಏಪ್ರಿಲ್ 5ರಂದು ತೇಜಸ್ವಿ ಹೋಗಿಬಿಟ್ಟರು. ಕರಮ್‌ಚಂದ್‌ಗೆ ಎರಡನೇ ಸೀಸನ್ನೂ ಸಿಕ್ಕಿತು, ಸೋನಿ ಚಾನೆಲ್‌ನಲ್ಲಿ. ಅಂಗಡಿಗೆ ಸಿಗಲಿಲ್ಲ.

ಇದನ್ನೆಲ್ಲ ಈಗ ಯಾಕೆ ತೆಗೆದೆವು ಅಂದರೆ, ತಾಲ್ಲೂಕು ವರದಿಗಾರರಾಗಿ ನಾವು ಬರೆಯುವ ಅಪರಾಧ ಸುದ್ದಿ ಕರಮ್‌ಚಂದ್ ಮಾದರಿಯದು. ಕಣದಲ್ಲಿ ಒಣಗಿಸಿದ್ದ ಅಡಿಕೆ ಕಳವು, ಇಬ್ಬರ ಬಂಧನ, ಪ್ರಕರಣ ದಾಖಲು. ಐದು ಸಾಲು. ಕದ್ದವನ ಹೆಸರು ಸಿಕ್ಕರೆ ಸುದ್ದಿ ಮುಗಿಯಿತು. ಹಾಗಾದರೆ ಎಲೆಚುಕ್ಕಿ ರೋಗವನ್ನು ಯಾವ ಪುಟದಲ್ಲಿ ಹಾಕುವುದು?

ಈಚಿನ ವರ್ಷಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ ಮೂರೂ ತಾಲ್ಲೂಕಿನ ತೋಟಗಳನ್ನು ಹೊಕ್ಕಿದೆ ಅದು. ಶಿಲೀಂಧ್ರದ ರೋಗ, ಮಳೆಗಾಳಿಯಲ್ಲಿ ಹರಡುತ್ತದೆ ಅಂತ ವಿಜ್ಞಾನಿಗಳು ಹೇಳುತ್ತಾರೆ. ಒಬ್ಬರು ಔಷಧಿ ಹೊಡೆದು ಪಕ್ಕದ ತೋಟದವರು ಹೊಡೆಯದಿದ್ದರೆ ಅಲ್ಲಿಂದ ಮತ್ತೆ ಬರುತ್ತದೆ. ಮರ ಹತ್ತಲು ಜನ ಸಿಗುವುದಿಲ್ಲ, ಸಿಕ್ಕಿದರೂ ಸಣ್ಣ ಹಿಡುವಳಿಯವರಿಗೆ ಕೂಲಿ ಕೊಟ್ಟು ಪೂರೈಸುವುದಿಲ್ಲ. ಬೇಲಿ ಜಗಳದಿಂದ ಮಾತು ಬಿಟ್ಟ ಎರಡು ಮನೆಯವರು ಒಟ್ಟಿಗೆ ಔಷಧಿ ಹೊಡೆಯುವುದು ಹೇಗೆ? ಇದು ಕೃಷಿ ಸುದ್ದಿಯೋ, ಸಾಲದ ಸುದ್ದಿಯೋ, ಜಗಳದ ಸುದ್ದಿಯೋ? ಅಂಗಡಿ ಬಂದಿದ್ದರೆ ಮೂರನ್ನೂ ಒಂದೇ ಫೈಲಿನಲ್ಲಿ ಇಡುತ್ತಿದ್ದ. ನಾವು ಮೂರು ಪುಟಕ್ಕೆ ಹಂಚುತ್ತೇವೆ.

ಅರಸಾಳಿನ ಹಳೆಯ ಸ್ಟೇಷನ್ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಅದನ್ನು ರೂಪಿಸಿದರು. ತಾಳಗುಪ್ಪದ ರೈಲಿನಲ್ಲಿ ಹೋಗುವಾಗ ಇಳಿದು ನೋಡಿ, ಮಕ್ಕಳಿಗೆ ಇಷ್ಟವಾಗುತ್ತದೆ. ಕೆಸರೂರನ್ನು ನೋಡಬೇಕು ಅನ್ನಿಸಿದರೆ ಎಲ್ಲೂ ಇಳಿಯಬೇಕಾಗಿಲ್ಲ.